ಬಾಯಿಯ ಅಳತೆಯ ಸಹವಾಸ

ಕಡಲಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೆಂದು ರಚಿತವಾದ ಕೈಪಿಡಿಗಳು, ಲಯನ್‌ಫಿಶ್ ಎಂಬ ವಿಷಮುಳ್ಳಿನ ಮೀನಿಗೆ ಸಂಗಾತಿಗಳನ್ನು ಆರಿಸಲು ಮುಖ್ಯವಾಗಿ ಒಂದು ಸೂತ್ರವನ್ನು ವಿಧಿಸುತ್ತವೆ: ಅವು ಅದರ ಬಾಯಲ್ಲಿ ಹಿಡಿಯದಷ್ಟು ದೊಡ್ಡವಾಗಿರಬೇಕು. ಸೂತ್ರ ಸುಳ್ಳಲ್ಲ, ಬೇಟೆಯನ್ನು ಇಡಿಯಾಗಿ ನುಂಗುವುದು ಆ ಮೀನಿನ ಸ್ವಭಾವ. ಆದರೆ ನುಂಗಲಾಗದಿರುವುದನ್ನೇ ‘ಹೊಂದಾಣಿಕೆ’ ಎನ್ನುವುದು ಪದದ ದುರುಪಯೋಗ. ತೊಟ್ಟಿಯಲ್ಲಿ ಆಯ್ಕೆಯಿರುವುದು ಸಾಕುವವನಿಗೆ ಮಾತ್ರ, ಹೊಣೆಯೂ ಅವನದೇ.

ಬೇಸತ್ತು ಕಡಲಿಗೆ ಬಿಡುವುದೂ ದಯೆಯಲ್ಲ. ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಈ ಮೀನು 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಸಾಕಿದವರು ಬಿಟ್ಟದ್ದೇ ಕಾರಣವೆಂಬುದು ತಜ್ಞರ ಅಭಿಪ್ರಾಯ. ಇಂದು ಅದು ಕೆರಿಬಿಯನ್ ಹವಳದಿಬ್ಬಗಳ ಮರಿಮೀನುಗಳನ್ನು ಕಬಳಿಸುತ್ತಿದೆ. ‘ಯಾವುದರೊಡನೆ ಇಡಬೇಕು’ ಎಂದು ತಿಳಿಸಿ, ‘ಇಡಲೇಬೇಕೇ’ ಎಂದು ಕೇಳದ ಕೈಪಿಡಿ ಅಪೂರ್ಣವೇ ಸರಿ.