ಒಂದು ತಾಸಿನ ಸಮುದ್ರ

ಗದಗ-ಬೆಟಗೇರಿಯ ಮನೆಗಳಲ್ಲಿ ‘ಸಮುದ್ರ ನೋಡಾಕ ಹೋಗೋಣು’ ಎಂಬ ಮಾತು ಎದ್ದರೆ ಮುಂದಿನ ಲೆಕ್ಕಾಚಾರ ಬಹುತೇಕ ಒಂದೇ ತೆರ. ಎರಡು-ಮೂರು ಮನೆಯವರು ಕೂಡಿ ಕ್ರೂಸರ್ ಗೊತ್ತು ಮಾಡುತ್ತಾರೆ. ರಾತ್ರಿ ಉಂಡು ಹೊರಟು, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದರೆ ನಸುಕಿಗೆ ಗೋಕರ್ಣ. ಮಹಾಬಲೇಶ್ವರನ ದರ್ಶನ, ಇಡಗುಂಜಿ ಗಣಪತಿ, ಮುರುಡೇಶ್ವರ. ಮರುದಿನ ಜೋಗ, ಶಿರಸಿ ಮಾರಿಕಾಂಬೆ, ಊರು. ಇಷ್ಟರಲ್ಲಿ ಸಮುದ್ರದ ಪಾಲಿಗೆ ಉಳಿಯುವುದು ನೆತ್ತಿ ಸುಡುವ ಬಿಸಿಲಿನ ಒಂದು ತಾಸು.

ಈ ರೂಢಿಯಲ್ಲಿ ಮೆಚ್ಚುವಂಥದ್ದು ಬಹಳವಿದೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರನ್ನೂ ಬಿಟ್ಟು ಹೋಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಬುತ್ತಿ ಜೊತೆಗಿರುವುದರಿಂದ ಖರ್ಚೂ ಹಗುರ. ನನ್ನ ತಕರಾರು ಇರುವುದು ಊರುಗಳನ್ನು ಎಣಿಸುವ ಅವಸರದ ಬಗ್ಗೆ. ಗೋಕರ್ಣದಿಂದ ಮುರುಡೇಶ್ವರಕ್ಕೆ ಹೋಗುವ ಗಾಡಿಗಳು ಕುಮಟೆಯಲ್ಲಿ ನಿಲ್ಲುವುದೇ ಅಪರೂಪ. ಆದರೆ ಸಮುದ್ರಕ್ಕೂ ನಮ್ಮ ಎರೆಹೊಲಕ್ಕೂ ಇದ್ದ ನಂಟು ಆ ಊರಿನದೇ. ರೈಲು ಬರುವ ಮುನ್ನ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರು ಸೇರಿ, ಹಡಗೇರಿ ಮುಂಬೈಗೆ ಹೋಗುತ್ತಿತ್ತು. ನಮ್ಮ ನಾಟಿ ಹತ್ತಿಗೆ ವ್ಯಾಪಾರಿಗಳು ‘ಕುಮಟಾ ಹತ್ತಿ’ ಎಂದೇ ಹೆಸರಿಟ್ಟರು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಆ ದಾರಿ ಮಂಕಾಯಿತು. ಮಕ್ಕಳಿಗೆ ಇದನ್ನು ಕುಮಟೆಯಲ್ಲೇ ನಿಂತು ಹೇಳಬೇಕು.

ಅವಸರಕ್ಕೆ ಇನ್ನೊಂದು ಬೆಲೆಯೂ ಇದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲ ಮುಗಿದರೂ ಕಡಲು ಕೆರೆಯಾಗುವುದಿಲ್ಲ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ನಿನ್ನೆ ಮೊಣಕಾಲುದ್ದ ನೀರಿದ್ದ ಜಾಗ ಇಂದು ಅದೇ ಹೊತ್ತಿಗೆ ಹಾಗೇ ಇರುತ್ತದೆಂಬ ಭರವಸೆಯಿಲ್ಲ. ಬಯಲುಸೀಮೆಯ ನಮಗೆ ಇದು ಹುಟ್ಟಿನಿಂದ ಬಂದ ತಿಳಿವಳಿಕೆಯಲ್ಲ. ದಂಡೆಯ ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿ ತಿಳಿಯಬೇಕು. ಮುಂದಿನ ಊರಿಗೆ ಹೊತ್ತಾಯಿತೆಂದು ಚಾಲಕ ಹಾರ್ನ್ ಹೊಡೆಯುವಾಗ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

ಆದ್ದರಿಂದ ಪಟ್ಟಿ ಕತ್ತರಿಸಿ ಎಂದೇ ನಾನು ಹೇಳುತ್ತೇನೆ. ಗೋಕರ್ಣದಲ್ಲೇ ಎರಡು ರಾತ್ರಿ ಉಳಿಯಿರಿ. ನಸುಕಿನಲ್ಲೊಮ್ಮೆ, ಸಂಜೆ ಒಮ್ಮೆ ದಂಡೆಗೆ ಹೋಗಿ. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಹಾದಿಯಲ್ಲಿ ನಡೆಯಿರಿ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ರೈತರಿಗಂತೂ ಹಿಂಗಾರಿ ಬಿತ್ತನೆ ಮುಗಿದು ಕಡಲೆ, ಜೋಳ ಕೊಯ್ಲಿಗೆ ಬರುವ ಮುಂಚಿನ ದಿನಗಳೇ ತಕ್ಕವು. ಆಗ ಅಲೆಗಳ ಅಬ್ಬರವೂ ಕಡಿಮೆ. ಜೋಗವನ್ನು ಮಾತ್ರ ಈ ಪ್ರವಾಸಕ್ಕೆ ಗಂಟು ಹಾಕಬೇಡಿ. ಚಳಿಗಾಲದಲ್ಲಿ ಅಲ್ಲಿ ನೀರು ಸೊರಗಿರುತ್ತದೆ, ಆಗಸ್ಟಿನಲ್ಲಿ ತುಂಬಿ ಧುಮ್ಮಿಕ್ಕುತ್ತದೆ. ಅದಕ್ಕೆ ಬೇರೆಯೇ ಬುತ್ತಿ ಕಟ್ಟಿ.