‘ನನಗೆ ಸರಿಯಾಗೇ ಓಡ್ತಿದೆಯಲ್ಲ!’

ನನ್ನ ಲ್ಯಾಪ್‌ಟಾಪು 2016ರದ್ದು. ಮೊದಲ ಕೆಲಸದ ಸಂಬಳ ಕೂಡಿಟ್ಟು ಕೊಂಡದ್ದು. ಕೀಬೋರ್ಡಿನ ಅಕ್ಷರಗಳು ಅಳಿಸಿವೆ, ಅಷ್ಟು ಬಿಟ್ಟರೆ ಗಟ್ಟಿಮುಟ್ಟು. ಆದರೆ ವಿಂಡೋಸ್ 11 ಅದನ್ನು ಹೊಸ್ತಿಲಲ್ಲೇ ತಡೆಯಿತು. ಇಂಟೆಲ್ ಪ್ರಾಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕಂತೆ. ನನ್ನದು ಆರನೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕಾ?

ನಮ್ಮ ಆಫೀಸಿನಲ್ಲೊಬ್ಬ ಗೆಳೆಯ ಇದ್ದಾನೆ. ಬಾಯಿ ತೆಗೆದರೆ ಲಿನಕ್ಸು. ‘ಲೇ, ಮಿಂಟ್ ಹಾಕ್ಕೊಳೋ, ಇಪ್ಪತ್ತು ನಿಮಿಷದ ಕೆಲಸ’ ಅಂದ.

ಇಪ್ಪತ್ತು ನಿಮಿಷ ಅನ್ನೋದು ಸುಳ್ಳೇನಲ್ಲ. ಇನ್‌ಸ್ಟಾಲ್ ಆಯ್ತು, ನೋಡೋಕೂ ಚೆಂದ ಇತ್ತು. ಆದರೆ ವೈಫೈ ಇಲ್ಲ! ಆಫ್ ಆಗಿತ್ತು ಅಂತಲ್ಲ, ಅಂಥದ್ದೊಂದು ಈ ಯಂತ್ರದಲ್ಲಿದೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ನನ್ನ ಚಿಪ್ಪಿನ ಡ್ರೈವರ್ ಅದನ್ನು ಮಾಡಿದ ಕಂಪನಿಯ ಸ್ವತ್ತು, ಕರ್ನಲ್ ಜೊತೆ ಬರೋದಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ಟಿಗೆ ವೈಫೈ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ! ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ, ಅದರ ಡೇಟಾದಿಂದ ಡ್ರೈವರ್ ಇಳಿಸಿಕೊಂಡೆ. ಇಷ್ಟು ಗೊತ್ತಾಗೋಕೆ ಒಂದು ಶನಿವಾರ ಹೋಯಿತು.

ಮುಂದಿನದು ಇನ್ನೂ ದುಬಾರಿ. ಬೇರೊಂದು ಕಂಪನಿಯ ಇಂಟರ್ವ್ಯೂ ಇತ್ತು, ವಿಡಿಯೋ ಕಾಲ್. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಮಾಡೋಕಾಗುತ್ತಾ? ನನ್ನದನ್ನೇ ಪೂರ್ತಿ ಚಾರ್ಜ್ ಮಾಡಿ, ಮುಚ್ಚಿ, ಬ್ಯಾಗಿನಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ. ಇಳಿಯುವಾಗ ಬ್ಯಾಗು ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ. ಮುಚ್ಚಿದರೂ ಅದು ನಿದ್ದೆಗೆ ಹೋಗಿರಲೇ ಇಲ್ಲ. ಬ್ಯಾಟರಿ ಖಾಲಿ. ಇಂಟರ್ವ್ಯೂವನ್ನು ಫೋನನ್ನೇ ನೀರಿನ ಬಾಟಲಿಗೆ ಆನಿಸಿಟ್ಟು ಮುಗಿಸಿದೆ. ಕೋಡ್ ಬರೆದು ತೋರಿಸಿ ಅಂದಾಗ ಬೆವತುಹೋದೆ. ಕೆಲಸ ಸಿಗಲಿಲ್ಲ.

ಗೆಳೆಯನಿಗೆ ಹೇಳಿದರೆ ಒಂದೇ ಮಾತು: ‘ನನಗೆ ಸರಿಯಾಗೇ ಓಡ್ತಿದೆಯಲ್ಲ!’

ನನ್ನ ತಕರಾರು ಇರೋದು ಲಿನಕ್ಸಿನ ಮೇಲಲ್ಲ, ಈ ಮಾತಿನ ಮೇಲೆ. ಆಮೇಲೆ ತಿಳಿಯಿತು, ಅವನು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಯಾವ ವೈಫೈ ಚಿಪ್ಪು, ಯಾವ ಗ್ರಾಫಿಕ್ಸು ಅಂತ ವಾರಗಟ್ಟಲೆ ಜಾಲಾಡಿದ್ದ. ಆ ಲೆಕ್ಕ ಇಪ್ಪತ್ತು ನಿಮಿಷದಲ್ಲಿ ಸೇರಿರಲಿಲ್ಲ.

ವಿಂಡೋಸ್ ಕೂಡ ತಾನೇ ತಾನಾಗಿ ಓಡೋದಿಲ್ಲ. ಡ್ರೈವರುಗಳನ್ನೆಲ್ಲ ಹೊಂದಿಸಿ, ಪರೀಕ್ಷಿಸಿ ಕೊಡುವ ಕೆಲಸವನ್ನು ತಯಾರಕರು ಮಾಡಿರುತ್ತಾರೆ, ಅದರ ದುಡ್ಡು ಬೆಲೆಯಲ್ಲೇ ಸೇರಿರುತ್ತದೆ. ಲಿನಕ್ಸಿನಲ್ಲಿ ಎಷ್ಟೋ ಸಲ ಆ ಕೆಲಸ ಯಾವುದೋ ಊರಿನ ಸ್ವಯಂಸೇವಕನ ಪಾಲಿಗೆ ಬರುತ್ತದೆ, ಕೆಲವು ಸಲ ಕಂಪನಿ ಒಂದು ಹಾಳೆ ವಿವರವನ್ನೂ ಕೊಟ್ಟಿರೋದಿಲ್ಲ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನುಸ್ ಟೊರ್ವಾಲ್ಡ್ಸ್ ಕ್ಯಾಮೆರಾದ ಮುಂದೆಯೇ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು ಇದೇ ಸಿಟ್ಟಿಗೆ. ಆ ಕಂಪನಿ ತನ್ನ ಕರ್ನಲ್ ಡ್ರೈವರುಗಳ ಸೋರ್ಸ್ ಕೋಡನ್ನು ಹೊರಬಿಡಲು 2022 ಬರಬೇಕಾಯಿತು.

ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಹೊಸಬರಿಗೆ ಮೊದಲೇ ಹೇಳಬೇಕಲ್ಲವಾ? ‘ಫ್ರೀ’ ಅಂತ ಕರೆದು, ತೊಂದರೆ ಬಂದಾಗ ನಿನಗೇ ಗೊತ್ತಾಗಲಿಲ್ಲ ಅಂದರೆ ಅದು ಪ್ರಚಾರವೂ ಅಲ್ಲ, ಸ್ನೇಹವೂ ಅಲ್ಲ. ಅವನು ಹೇಳಬೇಕಿದ್ದದ್ದು ಇಷ್ಟೇ: ಇನ್‌ಸ್ಟಾಲ್ ಮಾಡಬೇಡ, ಮೊದಲು ಪೆನ್‌ಡ್ರೈವಿನಿಂದಲೇ ಓಡಿಸು. ವೈಫೈ, ಸೌಂಡು, ಕ್ಯಾಮೆರಾ, ಬ್ಲೂಟೂತ್ ನೋಡು. ಮುಚ್ಚಿ ತೆರೆದು ನೋಡು. ಡೇಟಾ ಬ್ಯಾಕಪ್ ಇಟ್ಟುಕೋ. ಮುಖ್ಯವಾದ ಕೆಲಸ ಇರೋ ವಾರ ಇದಕ್ಕೆ ಕೈ ಹಾಕಬೇಡ.

ಹಾಗಂತ ನಾನು ವಾಪಸ್ ಹೋಗಿಲ್ಲ. ಹೊಸ ಕರ್ನಲ್ ಹಾಕಿದ ಮೇಲೆ ನಿದ್ದೆಯ ಕಾಯಿಲೆ ವಾಸಿಯಾಯಿತು. ಬ್ಲೂಟೂತ್ ಇನ್ನೂ ಮುನಿಸಿಕೊಂಡಿದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇತ್ತು, ಇದನ್ನು ಬರೆದದ್ದು ಅದರಲ್ಲೇ. ಒಂಬತ್ತು ವರ್ಷ ದಾಟಿದ ಯಂತ್ರ ಗುಜರಿಗೆ ಹೋಗದೆ ಉಳಿದಿದೆ.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದ. ‘ಅಣ್ಣಾ, ನಾನೂ ಲಿನಕ್ಸ್ ಹಾಕ್ಲಾ?’

‘ಹಾಕು. ಆದ್ರೆ ಮೊದ್ಲು ಲ್ಯಾಪ್‌ಟಾಪ್ ತಗೊಂಡು ಬಾ, ಒಳಗೇನಿದೆ ನೋಡೋಣ’ ಅಂದೆ.