ಎಳೆದ ಚಿತ್ರ, ಬರೆದ ಅಂಕಿ

ಮಣಿಪಾಲದ ಐದು ಸೆಂಟ್ಸಿನ ನಿವೇಶನವಿರಲಿ, ಕಾಪುವಿನ ಕಡಲ ಬದಿಯ ತೆಂಗಿನ ತೋಟವಿರಲಿ, ಕಾರ್ಕಳದ ಗುಡ್ಡೆ ಜಾಗವಿರಲಿ, ಇವತ್ತು ಸ್ಕೆಚ್ ತಯಾರಾಗುವುದು ಹೆಚ್ಚಾಗಿ ಒಂದೇ ಕ್ರಮದಲ್ಲಿ. ಹಳೆಯ ಫೀಲ್ಡ್ ಮೆಷರ್‌ಮೆಂಟ್ ಬುಕ್ಕನ್ನೋ (ಎಫ್‌ಎಂಬಿ) ಗ್ರಾಮ ನಕ್ಷೆಯನ್ನೋ ಸ್ಕ್ಯಾನ್ ಮಾಡುತ್ತಾರೆ. ಆ ಚಿತ್ರವನ್ನು ಆಟೋಕ್ಯಾಡ್ ಡ್ರಾಯಿಂಗಿನ ತಳಕ್ಕೆ ಹಾಕಿ, ಟೋಟಲ್ ಸ್ಟೇಷನ್‌ನಲ್ಲಿ ಅಳೆದ ಬಿಂದುಗಳನ್ನು ಅದರ ಮೇಲೆ ಕೂರಿಸಿ ಗೆರೆ ಎಳೆಯುತ್ತಾರೆ. ಹೀಗೆ ಹುಟ್ಟಿದ ಸ್ಕೆಚ್ಚನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳುತ್ತಾರೆ, ನೆರೆಮನೆಯವರು ಕೋರ್ಟಿಗೂ ಹೋಗುತ್ತಾರೆ. ಇಷ್ಟು ಭಾರ ಹೊತ್ತ ಪದ್ಧತಿಯನ್ನು ಒಮ್ಮೆ ನಿಂತು ಪರೀಕ್ಷಿಸಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಸ್ಕ್ಯಾನ್ ಚಿತ್ರವನ್ನು ತಳದಲ್ಲಿಟ್ಟು ಕೆಲಸ ಮಾಡುವುದು ಒಳ್ಳೆಯ ಪದ್ಧತಿ. ಆದರೆ ಆ ಚಿತ್ರಕ್ಕೆ ಗಡಿ ನಿರ್ಣಯಿಸುವ ಅಧಿಕಾರ ಕೊಟ್ಟಿರುವುದು ತಪ್ಪು.

ಈ ಕಾಗದಗಳ ಹಿನ್ನೆಲೆ ತಿಳಿಯದೆ ಅವುಗಳ ಚಿತ್ರಕ್ಕೆ ಬೆಲೆ ಕಟ್ಟಲಾಗದು. 1956ರ ನವೆಂಬರ್ 1ರ ತನಕ ನಮ್ಮ ಉಡುಪಿಯನ್ನೊಳಗೊಂಡ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಳೆ ಮೈಸೂರಿನ ಕಡೆ ಟಿಪ್ಪಣಿ ಪುಸ್ತಕವಿದ್ದರೆ ನಮ್ಮಲ್ಲಿ ಮದ್ರಾಸ್ ಕ್ರಮದ ಎಫ್‌ಎಂಬಿ. ಅಲ್ಲಿ ಎಕರೆಗೆ 40 ಗುಂಟೆ, ಇಲ್ಲಿ ಎಕರೆಗೆ 100 ಸೆಂಟ್ಸ್. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದಾಗ ಬಳುವಳಿಯಾಗಿ ಬಂದದ್ದೂ ಇವೇ ದಾಖಲೆಗಳು. ಎಫ್‌ಎಂಬಿಯಲ್ಲಿ ಒಂದೊಂದು ಸರ್ವೆ ನಂಬರಿನ ಆಕಾರವಿರುತ್ತದೆ. ಅದರ ಗೆರೆಗಳ ಮೇಲೆ ಸರಪಳಿಯಲ್ಲಿ ಅಳೆದ ಉದ್ದ ಲಿಂಕ್ಸ್ ಲೆಕ್ಕದಲ್ಲಿ ಬರೆದಿರುತ್ತದೆ. ಗ್ರಾಮ ನಕ್ಷೆಯ ಕೆಲಸ ಬೇರೆ. ಒಂದು ಮೈಲಿಗೆ 16 ಅಂಗುಲ, ಅಂದರೆ 1:3960 ಪ್ರಮಾಣದಲ್ಲಿ ಎಳೆದ ಆ ಹಾಳೆ ಯಾವ ನಂಬರು ಯಾವುದರ ಪಕ್ಕ, ತೋಡು ಎಲ್ಲಿ ಹರಿಯುತ್ತದೆ, ದಾರಿ ಎಲ್ಲಿ ಹಾಯುತ್ತದೆ ಎಂದು ತೋರಿಸುತ್ತದೆ. ಅಳತೆ ಹೇಳುವುದು ಮೊದಲನೆಯದು, ನೆರೆಹೊರೆ ಹೇಳುವುದು ಎರಡನೆಯದು. ಸ್ಕ್ಯಾನರಿನ ಗಾಜಿನ ಮೇಲೆ ಎರಡೂ ಬರೀ ಚಿತ್ರಗಳಾಗುತ್ತವೆ, ಗೊಂದಲದ ಬೇರು ಇರುವುದೂ ಇಲ್ಲಿಯೇ.

ಪದ್ಧತಿಯ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಆಟೋಕ್ಯಾಡ್ 1997ರ ಆರ್14 ಆವೃತ್ತಿಯಿಂದ ಚಿತ್ರಗಳನ್ನು ಡ್ರಾಯಿಂಗಿನೊಳಗೆ ಜೋಡಿಸುವ ಸೌಕರ್ಯ ಕೊಟ್ಟಿದೆ. ಅದಕ್ಕೂ ಮೊದಲು ಟ್ರೇಸಿಂಗ್ ಹಾಳೆ ಹಾಸಿ ನಕಲು ತೆಗೆಯಬೇಕಿತ್ತು. ಪ್ರತಿ ನಕಲಿಗೂ ಮೂಲ ಹಾಳೆಯ ಮಡಿಕೆ ಇನ್ನಷ್ಟು ಹರಿಯುತ್ತಿತ್ತು. ಈಗ ಒಮ್ಮೆ ಸ್ಕ್ಯಾನ್ ಮಾಡಿದರೆ ಹಾಳೆಗೆ ಬಿಡುವು. ಇದಕ್ಕಿಂತ ದೊಡ್ಡ ಲಾಭ ತಾಳೆ ನೋಡುವ ಸಾಧ್ಯತೆ. ಅಕ್ಕಪಕ್ಕದ ಎರಡು ಸರ್ವೆ ನಂಬರುಗಳ ಎಫ್‌ಎಂಬಿಗಳನ್ನು ಪರದೆಯ ಮೇಲೆ ಜೋಡಿಸಿದಾಗ ಅವೆರಡಕ್ಕೂ ಸಾಮಾನ್ಯವಾದ ಗಡಿಗೆರೆ ಒಂದೇ ಉದ್ದ, ಒಂದೇ ಬಾಗು ತೋರಿಸಬೇಕು. ತೋರಿಸದಿದ್ದರೆ ಒಂದು ಹಾಳೆಯಲ್ಲಿ ತಪ್ಪಿದೆ ಎಂದು ನೆಲ ಅಳೆಯುವ ಮೊದಲೇ ಗೊತ್ತಾಗುತ್ತದೆ. ಗಡಿಕಲ್ಲು ಹುಡುಕಲು ಎಲ್ಲಿ ಅಗೆಯಬೇಕೆಂಬುದೂ ತಿಳಿಯುತ್ತದೆ. ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಇದನ್ನು ಹೇಳುವ ಸಾಧನ ಹಿಂದೆ ನಮ್ಮ ಸರ್ವೆಯವರ ಕೈಯಲ್ಲಿರಲಿಲ್ಲ.

ದೋಷ ಶುರುವಾಗುವುದು ಚಿತ್ರದ ಗೆರೆಯ ಮೇಲೆಯೇ ಮೌಸ್ ಓಡಿಸಿ ಗಡಿ ಎಳೆದಾಗ. ಲೆಕ್ಕ ಹಾಕಿ ನೋಡೋಣ. ಗ್ರಾಮ ನಕ್ಷೆಯ ಶಾಯಿಗೆರೆ 0.3 ಮಿ.ಮೀ. ದಪ್ಪವಿದೆ ಎಂದಿಟ್ಟುಕೊಂಡರೆ 1:3960ರಲ್ಲಿ ಅದು ನೆಲದ ಮೇಲೆ ಸುಮಾರು 1.2 ಮೀಟರ್, ಹತ್ತಿರ ಹತ್ತಿರ ನಾಲ್ಕು ಅಡಿ. ಗೆರೆಯ ಎಡ ಅಂಚು ಹಿಡಿಯಬೇಕೇ, ಬಲ ಅಂಚು ಹಿಡಿಯಬೇಕೇ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಮಣಿಪಾಲದಲ್ಲಿ ಐದು ಸೆಂಟ್ಸಿನ ನಿವೇಶನದ 54 ಅಡಿ ಉದ್ದದ ಬದಿ ನಾಲ್ಕು ಅಡಿ ಸರಿದರೆ ಅರ್ಧ ಸೆಂಟ್ಸ್ ಹೋಯಿತು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆಯಿದೆ. 300 ಡಿಪಿಐನಲ್ಲಿ ಒಂದು ಚುಕ್ಕಿ ಈ ಪ್ರಮಾಣದಲ್ಲಿ ನೆಲದ 34 ಸೆಂ.ಮೀ. ಆದರೆ 600ರಲ್ಲಿ 17 ಸೆಂ.ಮೀ. ಆಗುತ್ತದೆ, ನಿಜ. ಆದರೆ ಶಾಯಿಗೆರೆಯೇನೂ ತೆಳ್ಳಗಾಗುವುದಿಲ್ಲ. ಅದೇ ನಾಲ್ಕು ಅಡಿಯ ಅನುಮಾನವನ್ನು ಹೆಚ್ಚು ಚುಕ್ಕಿಗಳಲ್ಲಿ ನೋಡುತ್ತೇವೆ, ಅಷ್ಟೆ.

ಎಫ್‌ಎಂಬಿಯ ವಿಷಯದಲ್ಲಿ ಈ ಅನುಮಾನಕ್ಕೆ ಎಡೆಯೇ ಬೇಕಿಲ್ಲ, ಯಾಕೆಂದರೆ ಅಂಕಿಯನ್ನೇ ಅಲ್ಲಿ ಬರೆದಿಟ್ಟಿದ್ದಾರೆ. ಒಂದು ಗೆರೆಯ ಮೇಲೆ 325 ಲಿಂಕ್ಸ್ ಎಂದಿದ್ದರೆ ಅದು 65.38 ಮೀಟರ್. ಚಿತ್ರ ಎಷ್ಟೇ ಕುಗ್ಗಿರಲಿ, ಹಿಗ್ಗಿರಲಿ, ಈ ಉದ್ದ ಬದಲಾಗದು. ಒಂದು ಲಿಂಕ್ 20.1168 ಸೆಂ.ಮೀ. ಎಂಬುದನ್ನು ಮಾತ್ರ ಪೂರ್ತಿ ಬಳಸಬೇಕು. ಸುಲಭಕ್ಕೆಂದು 20 ಸೆಂ.ಮೀ. ಎಂದು ದುಂಡಗೆ ಹಿಡಿದರೆ ಒಂದು ಎಕರೆಯಲ್ಲಿ ಒಂದು ಸೆಂಟ್ಸಿಗೂ ಹೆಚ್ಚು ಕರಗಿಹೋಗುತ್ತದೆ. ಸರಿಯಾದ ಕ್ರಮವೆಂದರೆ ಬರೆದ ಅಂಕಿಗಳಿಂದಲೇ ಆಕಾರ ಕಟ್ಟುವುದು, ಆಮೇಲೆ ಸ್ಕ್ಯಾನ್ ಚಿತ್ರವನ್ನು ಅದರ ಅಡಿಗೆ ತಂದು ಆಕಾರ ಹೊಂದುತ್ತದೆಯೇ ಎಂದು ನೋಡುವುದು. ಹೊಂದದಿದ್ದರೆ ಅಂಕಿ ಓದುವಾಗ 3 ಮತ್ತು 8 ಅದಲುಬದಲಾಗಿದೆಯೇ ಎಂದು ಮೊದಲು ಹುಡುಕಬೇಕು. ವಾಟ್ಸಪ್ಪಿನಲ್ಲಿ ಫೋಟೋವಾಗಿ ಬಂದ ಎಫ್‌ಎಂಬಿಯಲ್ಲಿ ಈ ಅಪಾಯ ಜಾಸ್ತಿ. ಮೊಬೈಲ್ ಓರೆ ಹಿಡಿದದ್ದರಿಂದ ಆಕಾರ ಕೆಡುತ್ತದೆ, ಕಳಿಸುವಾಗಿನ ಕುಗ್ಗಿಸುವಿಕೆಯಿಂದ ಅಂಕಿ ಮಸುಕಾಗುತ್ತದೆ.

ಕಾಗದದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಮಳೆಗಾಲದ ತೇವ ಕುಡಿದು, ಬೇಸಿಗೆಯಲ್ಲಿ ಒಣಗಿ, ಹತ್ತಾರು ವರ್ಷ ಮಡಿಸಿಟ್ಟ ಹಾಳೆ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ ಉಳಿಯುವುದಿಲ್ಲ. ಎರಡೂ ಕಡೆ ನೂರಕ್ಕೆ ಒಂದು ಪಾಲು ಕುಗ್ಗಿದರೆ ವಿಸ್ತೀರ್ಣದಲ್ಲಿ ಎಕರೆಗೆ ಎರಡು ಸೆಂಟ್ಸ್, ಅಂದರೆ 870 ಚದರ ಅಡಿ ವ್ಯತ್ಯಾಸ. ಎರಡು ಬಿಂದು ಹಿಡಿದು ಅಲೈನ್ ಮಾಡಿದರೆ ಚಿತ್ರ ತಿರುಗಿ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಅಡ್ಡ ಮತ್ತು ಉದ್ದದ ಕುಗ್ಗು ಬೇರೆಯಾಗಿದ್ದರೆ ಅದು ಸರಿಹೋಗುವುದಿಲ್ಲ. ಅದಕ್ಕೆ ಕನಿಷ್ಠ ಮೂರು ಬಿಂದುಗಳ ಅಫೈನ್ ಹೊಂದಾಣಿಕೆ ಬೇಕು. ತಪ್ಪು ಎಷ್ಟು ಉಳಿಯಿತೆಂದು ತಿಳಿಯಲು ನಾಲ್ಕನೆಯ, ಐದನೆಯ ಬಿಂದುವೂ ಬೇಕು. ಉಚಿತವಾಗಿ ಸಿಗುವ ಕ್ಯೂಜಿಐಎಸ್‌ನಲ್ಲೇ ಈ ಅನುಕೂಲವಿದೆ.

ನಾನು ಕಟುವಾಗಿ ವಿರೋಧಿಸುವುದು ರಬ್ಬರ್ ಶೀಟಿಂಗನ್ನು. ಒದ್ದೆ ಪಂಚೆಯನ್ನು ಸುತ್ತಲೂ ಹಿಡಿದು ಎಳೆದ ಹಾಗೆ ಚಿತ್ರವನ್ನು ಎಲ್ಲ ಬಿಂದುಗಳಿಗೂ ಕೂರುವಂತೆ ಇದು ಎಳೆಯುತ್ತದೆ. ಹಿಡಿದ ಬಿಂದುಗಳಲ್ಲಿ ತಪ್ಪು ಸೊನ್ನೆ ಎಂದು ಕಾಣುತ್ತದೆ, ಅವುಗಳ ನಡುವೆ ಏನಾಯಿತೆಂದು ಯಾರಿಗೂ ಕಾಣದು. ನೆಲದಲ್ಲಿ ಯಾರೋ ಕಂಪೌಂಡನ್ನು ಆಚೆ ಸರಿಸಿ ಕಟ್ಟಿದ್ದರೆ, ಆ ಗೋಡೆಯ ಮೂಲೆಗೇ ಹಳೆಯ ನಕ್ಷೆಯನ್ನು ಎಳೆದು ಕೂರಿಸಿದರೆ, ಒತ್ತುವರಿಗೆ ದಾಖಲೆಯೇ ಸಾಕ್ಷಿ ನುಡಿದಂತಾಯಿತು. ಕುಮ್ಕಿ ಜಾಗಗಳಲ್ಲಿ ಇದು ಇನ್ನೂ ಅಪಾಯಕಾರಿ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಹಿಡುವಳಿಯ, ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯ ಮೇಲೆ ವರ್ಗದಾರನಿಗಿರುವ ಅನುಕೂಲವೇ ಕುಮ್ಕಿ. ವರ್ಗದ ಗಡಿಯೇ ಜಾರಿದರೆ ಆ ನೂರು ಗಜವೂ ಜಾರುತ್ತದೆ, ನಷ್ಟ ಊರಿನದಾಗುತ್ತದೆ.

ಉಪಗ್ರಹ ಮತ್ತು ಡ್ರೋನ್ ಚಿತ್ರಗಳನ್ನು ತಳಕ್ಕೆ ಹಾಕುವುದು ಈಗಿನ ಹೊಸ ರೂಢಿ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆ ಡ್ರೋನ್ ಚಿತ್ರಗಳಿಗೆ ಸರಕಾರಿ ಮನ್ನಣೆ ತಂದಿತು. ಆದರೆ ಅದು ಮನಸ್ಸಿನಲ್ಲಿಟ್ಟುಕೊಂಡದ್ದು ಮನೆಗಳು ಒತ್ತಾಗಿರುವ ಗ್ರಾಮಠಾಣವನ್ನು. ನಮ್ಮಲ್ಲಿ ಮನೆಗಳು ಬೈಲು, ಮಜಲು, ಬೆಟ್ಟುಗಳ ಅಂಚಿನಲ್ಲಿ ತೋಟಕ್ಕೊಂದರಂತೆ ಚದುರಿವೆ. ಮೇಲಿನಿಂದ ನೋಡಿದರೆ ತೆಂಗು ಅಡಿಕೆಗಳ ಹಸಿರು ಕಾಣುತ್ತದೆ, ಅದರಡಿಯ ಅಗಳು ಕಾಣುವುದಿಲ್ಲ. ಹೆಂಚಿನ ಮಾಡು ಕಾಣುತ್ತದೆ, ಅದರಿಂದ ಒಳಗಿರುವ ಗೋಡೆ ಕಾಣುವುದಿಲ್ಲ. ಮಣಿಪಾಲದ ಎತ್ತರದ ಕಟ್ಟಡಗಳ ತಲೆ ಉಪಗ್ರಹ ಚಿತ್ರದಲ್ಲಿ ಬುಡದಿಂದ ಸರಿದು ಬಿದ್ದಿರುತ್ತದೆ. ಕಾರ್ಕಳದ ಕಡೆ ದರೆಯ ಮೇಲಂಚು ಗಡಿಯೋ ಕೆಳಗಂಚು ಗಡಿಯೋ ಎಂಬುದನ್ನು ಚಿತ್ರ ಹೇಳಲಾರದು. ಕಾಪುವಿನಲ್ಲಿ ಕಡಲು ಮರಳನ್ನು ಕೊಂಡುಹೋಗುತ್ತದೆ, ತಂದು ಹಾಕುತ್ತದೆ. ಯಾವ ತಿಂಗಳ ಚಿತ್ರ ಎಂದು ತಿಳಿಯದೆ ಅದರ ಮೇಲೆ ತೀರದ ಗೆರೆ ಎಳೆಯುವುದು ಸಲ್ಲ. ಅಲ್ಲಿ ಭರತರೇಖೆಯಿಂದ ಎಷ್ಟು ದೂರ ಎಂಬುದರ ಮೇಲೆ ಮನೆ ಕಟ್ಟುವ ಅನುಮತಿ ನಿಂತಿದೆ. 2011ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝೆಡ್) ಅಧಿಸೂಚನೆ ಸ್ಥಳೀಯ ನಕ್ಷೆಗಳಿಗೆ ಆಧಾರವಾಗಿ ಹೆಸರಿಸಿದ್ದು ಇದೇ 1:3960ರ ಗ್ರಾಮ ನಕ್ಷೆಯನ್ನು. ನಾಲ್ಕು ಅಡಿಯ ಶಾಯಿಗೆರೆ ಅಲ್ಲಿಯೂ ಬೆನ್ನು ಬಿಡುವುದಿಲ್ಲ.

ಇದರ ಎದುರಿಗೆ, ನಿರ್ದೇಶಾಂಕಗಳಲ್ಲಿ ಕೆಲಸ ಮಾಡಿದರೆ ಅಳತೆ ತಪ್ಪುತ್ತದೆ ಎಂಬ ಭಯ ಅತಿಯಾದದ್ದು. ನಮ್ಮ ಜಿಲ್ಲೆ ಯುಟಿಎಂ ಎಂಬ ನಕ್ಷಾ ಜಾಲದ 43ನೇ ವಲಯದಲ್ಲಿದೆ. ಅದರ ಮಧ್ಯರೇಖೆಯಾದ 75 ಡಿಗ್ರಿ ರೇಖಾಂಶ ಕಾರ್ಕಳದ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿ ನೆಲದ 1,000 ಮೀಟರ್ ನಕ್ಷೆಯ ಜಾಲದಲ್ಲಿ 999.6 ಮೀಟರ್ ಆಗುತ್ತದೆ. ಕಾಪುವಿನಲ್ಲೂ ಹೆಚ್ಚುಕಡಿಮೆ ಅಷ್ಟೆ. ಎಕರೆಗೆ ಲೆಕ್ಕ ಹಾಕಿದರೆ 35 ಚದರ ಅಡಿ. ಈ ವ್ಯತ್ಯಾಸ ಎಷ್ಟೆಂದು ಮೊದಲೇ ಗೊತ್ತು, ತಿದ್ದಬಹುದು. ಮೇಲೆ ಹೇಳಿದ ಕಾಗದದ ಕುಗ್ಗು ಇದರ 25 ಪಟ್ಟು. ಅದು ಹಾಳೆಯಿಂದ ಹಾಳೆಗೆ ಬೇರೆ. ನಾವು ಚಿಂತಿಸಬೇಕಾದದ್ದು ಅದರ ಬಗ್ಗೆ.

ಇನ್ನು ಫೈಲುಗಳ ನಿರ್ವಹಣೆ. ಆಟೋಕ್ಯಾಡ್ ಜೋಡಿಸಿದ ಚಿತ್ರವನ್ನು ಡ್ರಾಯಿಂಗಿನ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಇರುವ ವಿಳಾಸವನ್ನಷ್ಟೇ ನೆನಪಿಡುತ್ತದೆ. ಡ್ರಾಯಿಂಗ್ ಮಾತ್ರ ಕಳಿಸಿದರೆ ಪಡೆದವರಿಗೆ ಖಾಲಿ ಚೌಕಟ್ಟು ಮತ್ತು ಫೈಲಿನ ಹೆಸರು ಕಾಣುತ್ತದೆ. ಆದ್ದರಿಂದ ಡ್ರಾಯಿಂಗ್ ಮತ್ತು ಚಿತ್ರ ಒಂದೇ ಫೋಲ್ಡರಿನಲ್ಲಿರಬೇಕು, ಪಾತ್ ರಿಲೇಟಿವ್ ಇರಬೇಕು, ಕಳಿಸುವಾಗ ಇಟ್ರಾನ್ಸ್‌ಮಿಟ್ ಬಳಸಬೇಕು. ಫೈಲಿನ ಹೆಸರಿನಲ್ಲಿ ಗ್ರಾಮ, ಸರ್ವೆ ನಂಬರು, ಸ್ಕ್ಯಾನ್ ಮಾಡಿದ ದಿನ ಇರಬೇಕು. ‘ಸ್ಕ್ಯಾನ್001’ ಎಂಬ ಹೆಸರು ಆರು ತಿಂಗಳ ಮೇಲೆ ಮಾಡಿದವರಿಗೂ ಅರ್ಥವಾಗದು. ಚಿತ್ರಗಳಿಗೆ ಬೇರೆ ಲೇಯರ್ ಕೊಟ್ಟು ಲಾಕ್ ಮಾಡಬೇಕು, ಕೈತಪ್ಪಿ ಸರಿದರೆ ಹೊಂದಾಣಿಕೆಯೆಲ್ಲ ವ್ಯರ್ಥ. ಇಮೇಜ್‌ಫ್ರೇಮ್ 2 ಎಂದಿಟ್ಟರೆ ಚೌಕಟ್ಟು ಪರದೆಯಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಗಡಿಗೆರೆಯ ಭ್ರಮೆ ಹುಟ್ಟಿಸುವುದಿಲ್ಲ. ಎ1 ಅಳತೆಯ ಬಣ್ಣದ ಹಾಳೆ 300 ಡಿಪಿಐನಲ್ಲಿ ಕುಗ್ಗಿಸದೆ ಇಟ್ಟರೆ 200 ಎಂಬಿ ದಾಟುತ್ತದೆ, ಕಪ್ಪುಬಿಳುಪು ಟಿಫ್ ಆದರೆ 9 ಎಂಬಿಯೊಳಗೆ. ಕಂಪ್ಯೂಟರ್ ತಡವರಿಸದಿರಲು ಎರಡನೆಯದೇ ಸರಿ. ಆದರೆ ಕಪ್ಪುಬಿಳುಪು ಮಾಡುವಾಗ ಪೆನ್ಸಿಲಿನಲ್ಲಿ ಬರೆದ ಹಿಸ್ಸಾ ಗೆರೆಗಳು ಅಳಿಸಿಹೋಗಬಹುದು. ಮೂಲ ಸ್ಕ್ಯಾನನ್ನು ಬಣ್ಣದಲ್ಲೇ ಬೇರೆಯಾಗಿ ಕಾಪಿಡದೆ ಕೆಲಸದ ಪ್ರತಿಯನ್ನಷ್ಟೇ ಉಳಿಸಿಕೊಳ್ಳುವುದು ದಾಖಲೆಗೆ ಮಾಡುವ ದ್ರೋಹ.

ಈ ಎಚ್ಚರ ಈಗಲೇ ಬೇಕು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಯಾರಿಗೆ ಬೇಕಾದರೂ ತೋರಿಸುತ್ತದೆ. ಎರಡೂ ಜನರಿಗೆ ಉಪಕಾರಿ, ಎರಡನ್ನೂ ನಾನು ಸ್ವಾಗತಿಸುತ್ತೇನೆ. ಆದರೆ ಆ್ಯಪಿನ ಗೆರೆ ನೋಡಿ ಬೇಲಿ ಕೀಳುವ, ಸ್ಕ್ಯಾನ್ ಚಿತ್ರದ ಗೆರೆ ನೋಡಿ ಕಂಪೌಂಡ್ ಕಟ್ಟುವ ಆತುರ ಹೆಚ್ಚಿದಷ್ಟೂ ಸ್ಕೆಚ್ ಮಾಡುವವರ ಹೊಣೆ ಹೆಚ್ಚುತ್ತದೆ.

ಹಾಗಾಗಿ ಒಂದು ಬೇಡಿಕೆ. ಹಳೆಯ ಹಾಳೆಯ ಆಧಾರದಲ್ಲಿ ಮಾಡಿದ ಪ್ರತಿ ಸ್ಕೆಚ್ಚಿನ ಮೂಲೆಯಲ್ಲೂ ಮೂರು ಸಾಲು ಬರೆಯಲಿ: ಯಾವ ಹಾಳೆಯ ಸ್ಕ್ಯಾನ್ ಬಳಸಿದೆ, ಯಾವ ಬಿಂದುಗಳನ್ನು ಹಿಡಿದು ಯಾವ ರೀತಿಯಲ್ಲಿ ಹೊಂದಿಸಿದೆ, ಹೊಂದಿಸಿದ ಮೇಲೆ ಎಷ್ಟು ವ್ಯತ್ಯಾಸ ಉಳಿಯಿತು. ಬರೆದ ಅಂಕಿಯಿಂದ ಕಟ್ಟಿದ ಗಡಿಯನ್ನೂ ಚಿತ್ರ ನೋಡಿ ಎಳೆದ ಗಡಿಯನ್ನೂ ಬೇರೆ ಬೇರೆ ಗೆರೆಗಳಲ್ಲಿ ತೋರಿಸಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾನೂನೂ ಬೇಡ. ಸ್ಕೆಚ್ಚಿಗೆ ಹಣ ಕೊಡುವ ಜಾಗದ ಯಜಮಾನರು ಈ ಮೂರು ಸಾಲನ್ನು ಕೇಳಿ ಪಡೆಯಲು ಶುರುಮಾಡಿದರೆ ಸಾಕು, ಪದ್ಧತಿ ತಾನಾಗಿ ನೇರವಾಗುತ್ತದೆ.